ಏಳನೆಯ ಹಾಡನ್ನು ದಾಟಿಸಬೇಡಿ

ಮನೆ, ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಗುಳ್ಳೆಗಳು ಇಳಿದವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ, ಅಲ್ಲೂ "ಇದೊಂದು ನಟ್ಟು ಬಿಗಿದು ಬಂದೆ" ಅನ್ನುತ್ತೀರೋ? ಇಲ್ಲಿ ಮಾವನವರು ಗಟ್ಟಿಮುಟ್ಟಾಗಿದ್ದಾರೆ, ಮಗಳ ಮುಂದಿನ ಹಲ್ಲು ಬಿದ್ದಿದೆ, ನನಗೆ ಮಾತ್ರ ಖುಷಿಗೆ ಬರೆಯುವ ಅವಸರ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹಾಡುಗಳು ಬಾಯಿ ಬಿಟ್ಟವು ರೀ. ಮಾವನವರು ಹಿಂದೆ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದು, ಆಮೇಲೆ ಅಂಗಡಿಯವರು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದು, ಅವು ನಿಮ್ಮ ಪುಟ್ಟ ಪ್ಲೇಯರಿನಲ್ಲಿ ಉಸಿರೇ ಎತ್ತುತ್ತಿಲ್ಲ ಎಂದು ಬರೆದಿದ್ದಿರಲ್ಲ. ಹಾಡು ಕೆಟ್ಟಿರಲಿಲ್ಲ. ಅವೆಲ್ಲ ಡಬ್ಲ್ಯುಎಂಎ ಫೈಲುಗಳು. ನಿಮ್ಮ ಪ್ಲೇಯರಿಗೆ ಎಂಪಿತ್ರೀ ಬಿಟ್ಟರೆ ಬೇರೆ ಯಾವುದೂ ಒಗ್ಗುವುದಿಲ್ಲ, ಥೇಟ್ ನಿಮ್ಮ ನಾಲಿಗೆಯ ಹಾಗೆ. ಪಕ್ಕದ ಮನೆಯ ಟೀಚರ್ ಫೈಲನ್ನು ಎಂಪಿತ್ರೀಗೆ ಬದಲಿಸುವ ಕನ್ವರ್ಟರ್ ಹಾಕಿಕೊಟ್ಟರು, ಬಟನ್ ಒತ್ತಿದ್ದು ನಾನೇ.

ಮಾವನವರ ಗಡಿಬಿಡಿ ನೀವು ನೋಡಬೇಕಿತ್ತು. ಹಾಡು ಬದಲಾಗುವಾಗ ಮನೆಯ ಸದ್ದೆಲ್ಲ ಒಳಗೆ ಸೇರಿಕೊಳ್ಳುತ್ತದೆ ಎಂದು ಫ್ಯಾನ್ ಆರಿಸಿದರು, ಒಲೆಯ ಮೇಲಿದ್ದ ಕುಕ್ಕರ್ ಇಳಿಸಿದರು, ಮೊಮ್ಮಗಳನ್ನು ಕಣ್ಣಲ್ಲೇ ಗದರಿಸಿ ಕೂರಿಸಿದರು. ನಾವೆಲ್ಲ ಉಸಿರು ಬಿಗಿಹಿಡಿದು ಕೂತರೆ ಕೊನೆಯಲ್ಲಿ ಅವರೇ ಸೀನಿದರು. "ಹೋಯ್ತು, ಮೊದಲಿಂದ ಮಾಡಮ್ಮ" ಅಂದರು. ಕಂಪ್ಯೂಟರಿಗೆ ಕಿವಿಯಿಲ್ಲ ಮಾವ ಎಂದರೂ ಕೇಳಲಿಲ್ಲ. ಸೀನಿಲ್ಲದ ಹಾಡನ್ನು ಕೇಳಿಸಿದ ಮೇಲೇ ನಂಬಿದ್ದು.

ಆ ಹುರುಪಿನಲ್ಲಿ ನಾನೊಂದು ಅತಿಜಾಣತನ ಮಾಡಿದೆ. ಏಳನೆಯ ಹಾಡಿನ ನಡುವೆ ನೀವು ಚಿಕ್ಕವರಿದ್ದಾಗ "ಅಮ್ಮಾ, ಹಸಿವು" ಎಂದು ಕಿರುಚಿ ಮಾವನವರಿಂದ ಬೈಸಿಕೊಂಡಿದ್ದಿರಂತಲ್ಲ, ಅದು ಬಂತೆಂದರೆ ಇವತ್ತಿಗೂ ನಾಚಿಕೊಂಡು ಮುಂದಿನ ಹಾಡಿಗೆ ಹಾರುತ್ತೀರಲ್ಲ, ಆ ತುಂಡನ್ನೇ ಹಿಂದುಮುಂದು ಸೇರಿಸಿ ಕತ್ತರಿಸಿ ಹಾಡನ್ನು ಚೊಕ್ಕ ಮಾಡಿಟ್ಟೆ. ಕೇಳಿದ ಮಾವನವರ ಮುಖ ಬಿಳಿಚಿಕೊಂಡಿತು. "ಅದನ್ನ ಎಲ್ಲಿ ಹಾಕಿದೆಯಮ್ಮ?" ಎಂದವರು ತಟ್ಟೆ ಮುಂದಿಟ್ಟರೂ ಮುಟ್ಟಲಿಲ್ಲ. ಟೇಪು ಎಂದೋ ಸುತ್ತಿಕೊಂಡು ಹಾಳಾಗಿದೆ, ನಾನು ಕಂಪ್ಯೂಟರಿನ ಮುಂದೆ ಓಡಿದೆ. ಪುಣ್ಯಕ್ಕೆ ಹಳೆಯ ಫೈಲು ಹಾಗೇ ಉಳಿದಿತ್ತು. ಒಂದು ಚೂರೂ ಮುಟ್ಟದೆ ಮತ್ತೆ ಪೂರ್ತಿ ಬದಲಾಯಿಸಿದೆ. ಆಮೇಲೆ ಇಯರ್‌ಫೋನಿನ ಒಂದು ಕಿವಿ ಅವರಿಗೆ, ಒಂದು ನನಗೆ ಸಿಕ್ಕಿಸಿಕೊಂಡು ಇಬ್ಬರೂ ಕೇಳಿದೆವು.

ರಜೆ ಮುಗಿಸಿ ಇವತ್ತು ಹಡಗು ಹತ್ತುವ ನಿಮ್ಮ ಅಡುಗೆಯವರ ಕೈಯಲ್ಲಿ ಈ ಕಾಗದವನ್ನೂ ಹಾಡು ತುಂಬಿದ ಮೆಮೊರಿ ಕಾರ್ಡನ್ನೂ ಕಳಿಸುತ್ತಿದ್ದೇನೆ. ಮಾವನವರ ಆಶೀರ್ವಾದ, ಮಗಳ ಬೊಚ್ಚುಬಾಯಿಯ ಮುತ್ತು ಜೊತೆಗಿವೆ.

ನಿಮ್ಮ ದಾರಿ ಕಾಯುವ
ಮನೆಯಾಕೆ

ತಾ.ಕ.: ಅಡುಗೆಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಏಳನೆಯ ಹಾಡನ್ನು ದಾಟಿಸಬೇಡಿ. ಎಂಜಿನ್ ಸದ್ದಿಲ್ಲದ ಕಡೆ ಕೂತು, ನಿಮ್ಮ ಕೂಗು ಮುಗಿದ ಮೇಲೂ ಕಿವಿಗೊಡಿ. ರೆಕಾರ್ಡಿಂಗ್ ಕೆಡಬಾರದೆಂದು ಮೆಲ್ಲಗೆ ಒಬ್ಬರು ಹೇಳುತ್ತಾರೆ, "ಬಂದೆ ಮರಿ, ಈ ಹಾಡೊಂದು ಮುಗೀಲಿ." ಮಾವನವರು ಇಷ್ಟು ವರ್ಷ ಒಬ್ಬರೇ ಅದನ್ನು ಕೇಳುತ್ತಿದ್ದರಂತೆ, ನಿಮಗೆ ಹೇಳಲು ಬಾಯಿ ಬರಲಿಲ್ಲವಂತೆ. ನಿಮಗೆ ಬುದ್ಧಿ ತಿಳಿಯುವ ಮೊದಲೇ ಹೋದ ಅಮ್ಮನ ಮುಖ ಫೋಟೋದಲ್ಲಿದೆ, ದನಿ ಹೇಗಿತ್ತೋ ಎಂದು ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಹೇಳಿಕೊಂಡಿದ್ದಿರಿ. ಹೀಗಿತ್ತು ರೀ.