ಮಮದಾಪುರಕ್ಕೆ ಹೋದ ಬುತ್ತಿ

ಸೋಮು,

ನೀನು ಓದಲಾರೆ ಎಂದು ಗೊತ್ತಿರುವುದರಿಂದಲೇ ಇದನ್ನು ಬರೆಯುವ ಧೈರ್ಯ ಬಂದಿದೆ. ನಿನ್ನ ಜೊತೆಗೇ ಸೈನ್ಯ ಸೇರಿದ ಅಮಸಿದ್ದ ಉಗ್ರರ ಕೈಗೆ ಸಿಕ್ಕು ಹನ್ನೊಂದು ದಿನವಾಯಿತು. ಅವನನ್ನು ಬಿಡಬೇಕಾದರೆ ಜೈಲಿನಲ್ಲಿರುವ ತಮ್ಮವನೊಬ್ಬನನ್ನು ಬಿಡಬೇಕಂತೆ. ಆ ಕೈದಿ, ನೀನು ಪ್ರಾಣ ಕೊಟ್ಟು ಹಿಡಿದವನೇ.

ನಿನ್ನೆ ಅಮಸಿದ್ದನ ತಾಯಿ ಮುದುಕವ್ವ ಮಮದಾಪುರದಿಂದ ತಿಕೋಟಾದ ನಮ್ಮ ಮನೆಗೆ ಬಂದಿದ್ದಳು. ನೀನು ಹೋದಾಗ, ಸಾವಿನ ಮನೆಯೆಂದು ನಮ್ಮ ಒಲೆ ಹೊತ್ತಿಸದ ಮೂರೂ ದಿನ ರೊಟ್ಟಿಯ ಬುತ್ತಿ ತಂದವಳು ಅವಳು.

"ಯಣ್ಣಾ, ಟೀವಿಯವ್ರು ನಿಮ್ಮನ್ನ ಕೇಳಾಕ ಬರ್ತಾರಂತ. ಆ ಕೈದಿನ್ನ ಬಿಡ್ಲಿ ಅಂತ ಒಂದ್ ಮಾತ್ ಅನ್ರಿ," ಎಂದಳು.

ಟೀವಿಯವರು ಬಂದರು. ನಮ್ಮ ಒಣದ್ರಾಕ್ಷಿ ಶೆಡ್ಡಿನ ಮುಂದೆ ನಿಲ್ಲಿಸಿ ಕೇಳಿದರು.

"ಅವನ್ನ ಬಿಟ್ರ ನಾಳೆ ಹತ್ತು ಮಂದಿ ತಾಯಂದಿರು ಅಳ್ತಾರ. ಬಿಡಬಾರ್ದು," ಎಂದೆ.

ನೆರೆದ ಜನ ಚಪ್ಪಾಳೆ ತಟ್ಟಿದರು. ಮುದುಕವ್ವ ಅಲ್ಲೇ ಕೂತಿದ್ದಳು. ಆಡಿದ ಮಾತೇನೋ ಸುಳ್ಳಲ್ಲ. ಆದರೆ ಅದನ್ನಾಡುವಾಗ ನನ್ನ ಕಣ್ಣಿಗೆ ಕಟ್ಟಿದ್ದು, ಮಮದಾಪುರದಲ್ಲಿ ಬಸ್ಸಿಳಿದು ಅವ್ವನ ಕಡೆಗೆ ನಡೆದು ಬರುವ ಅಮಸಿದ್ದ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ, ಮಗನೇ.

ಇವತ್ತು ಬೆಳಿಗ್ಗೆ ನಿಮ್ಮವ್ವ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಮಮದಾಪುರಕ್ಕೆ ಹೊರಟಳು.

"ಅಮಸಿದ್ದ ಇನ್ನೂ ಜೀವಂತ ಅದಾನಲ್ಲ. ಬುತ್ತಿ ಯಾಕ?" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟುತ್ತಾ ಅಂದಳು:

"ನೀವು ಹಂಗ ಅಂದ ಮ್ಯಾಲ ಅವನ್ನ ಯಾರ್ ಉಳಸ್ತಾರ್ರಿ?"

ನಿನ್ನಪ್ಪ