ಸಾವಂತ್ರಿಯ ಎದೆಗರಡಿ

ಇಸವಿ ೨೩೯೧, ಫೆಬ್ರವರಿ ಮೂವತ್ತು.

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ದ್ಯಾಮಪ್ಪನ ಶರಣು. ಫೆಬ್ರವರಿಗೆ ಮೂವತ್ತನೆಯ ದಿನ ಕೊಡಿಸಿದವನು ನಾನೇ; ಸೂರ್ಯನನ್ನು ಒಪ್ಪಿಸಲು ಮೂರು ಸಂಜೆ ಹಿಡಿಯಿತು. ಓದಿದ್ದು ಊರ ಶಾಲೆಯಲ್ಲಿ ಏಳನೆಯವರೆಗೆ. ನಮ್ಮ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದು ನಮಗೆ ಇನ್ನೂ ವಿಚಿತ್ರ.

ನನ್ನ ತಂಗಿ ನೀಲವ್ವನ ಮಗಳು ಸಾವಂತ್ರಿ ಎದೆಗರಡಿಯಿಲ್ಲದೆ ಹುಟ್ಟಿದಳು. ನೀವು ಥೈಮಸ್ ಎನ್ನುವ, ಎದೆಮೂಳೆಯ ಹಿಂದಿನ ಗ್ರಂಥಿಗೆ ನಮ್ಮಲ್ಲಿ ಆ ಹೆಸರು. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕಾವಲುಕೋಶಗಳು ಅಲ್ಲಿಗೆ ಬಂದು ಸಾಮು ಕಲಿಯುತ್ತವೆ. ನಮ್ಮದೇ ಮೈಯ ಚೂರುಪಾರು ಮುಂದಿಟ್ಟು ಪರೀಕ್ಷೆ. ಅದರ ಮೇಲೆ ಎಗರಿದವನಿಗೆ ಅಲ್ಲೇ ಮಣ್ಣು. ನೂರರಲ್ಲಿ ನಾಲ್ಕೈದು ಪಾಸಾದರೆ ಹೆಚ್ಚು. ನಮ್ಮ ಏಳನೆಯ ಕ್ಲಾಸಿನ ಫಲಿತಾಂಶವೂ ಹಾಗೇ ಇತ್ತು. ಮೊದಲಿಗ ಯಾರೆಂದು ಹೇಳಬೇಕಿಲ್ಲ.

ಗರಡಿಯಿಲ್ಲದ ಮಗುವಿಗೆ ನೆಗಡಿಯೂ ಯಮ. ಅದಕ್ಕೇ ಸಾವಂತ್ರಿ ಗಾಜುಮನೆಯಲ್ಲಿ. ಆರೋಗ್ಯ ಮಂಡಳಿಯವರು ತೊಟ್ಟಿಪಡೆ ಸುರಿಯುತ್ತೇವೆಂದರು. ಕಾರ್ಖಾನೆಯ ತೊಟ್ಟಿಯಲ್ಲಿ ಬೆಳೆಸಿದ ಸಿದ್ಧ ಕೋಶಗಳವು, ಒಂದೇ ದಿನದ ಕೆಲಸ. ಪಕ್ಕದ ಓಣಿಯ ಕೂಸಿಗೆ ಸುರಿದಿದ್ದರು. ಗರಡಿ ಕಾಣದ ಆ ಪಡೆ ಕೂಸಿನ ಚರ್ಮವನ್ನೇ ವೈರಿಯೆಂದು ತಿಂದಿತು. ನೀಲವ್ವ ಒಲ್ಲೆನೆಂದಳು. ಹಾಗಾಗಿ ತೊಡೆಕಾರ್ಯ ಮಾಡಿಸಿದೆವು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ಮಗುವಿನಿಂದ ತೆಗೆದ ಗ್ರಂಥಿಯ ತೆಳು ಚೂರುಗಳನ್ನು ತೊಡೆಯ ಸ್ನಾಯುವಿನಲ್ಲಿ ನೆಡುತ್ತಾರೆ. ಕಿವಿ ಚುಚ್ಚುವಾಗಿನಂತೆ, ಮಂಪರು ಹತ್ತುವವರೆಗೆ ಕೂಸು ಸೋದರಮಾವನ ತೊಡೆಯ ಮೇಲೇ ಇರಬೇಕು. ಸಾವಂತ್ರಿ ಅಳಲಿಲ್ಲ. ನಾನು ಅತ್ತೆನೆಂಬುದು ವದಂತಿ.

ಆಮೇಲೆ ಕಾಯುವುದು. ದಸರೆಗೆ ರಕ್ತದಲ್ಲಿ ಕೋಶ ಕಾಣುತ್ತವೆಂದು ಮಂಡಳಿಯ ಸಾಹೇಬರೊಡನೆ ಪಂಥ ಕಟ್ಟಿದೆ. ಸೋತದ್ದು... ಇರಲಿ, ಮೊತ್ತ ನೀಲವ್ವನಿಗೂ ಹೇಳಿಲ್ಲ. ಶಿವರಾತ್ರಿಯೊಳಗೆ ಕಾಣದಿದ್ದರೆ ತೊಟ್ಟಿಪಡೆಯೇ ಗತಿಯೆಂದು ಆಜ್ಞೆ ಬಂತು.

ಇವತ್ತೇ ಶಿವರಾತ್ರಿ; ಸಾಹೇಬರು ತೊಟ್ಟಿಯೊಡನೆ ಬಂದರು. ನಾನು ಗಾಜುಮನೆಯ ಬಾಗಿಲಿಗೆ ಅಡ್ಡ ಕೂತೆ.

"ಏಳು ದ್ಯಾಮಪ್ಪ, ಕೂಸಿನ ಜೀವದ ಜೋಡಿ ಹುಡುಗಾಟ ಬ್ಯಾಡ" ಎಂದರು.

"ಮೊದಲ ರಕ್ತ ನೋಡ್ರಿ ಸಾಹೇಬ್ರ, ಆಮ್ಯಾಲೆ ನನ್ನ ದಾಟ್ರಿ" ಎಂದೆ.

ನೋಡಿದರು. ಅಲ್ಲೊಂದು ಇಲ್ಲೊಂದು ಕೋಶ, ಆದರೆ ಸಾಮು ಕಲಿತು ಬಂದದ್ದೇ. ಸಾಹೇಬರು ಮೂಗು ಮುರಿದರು: "ಇಷ್ಟ ಏನು? ನಮ್ಮ ತೊಟ್ಟಿಯೊಳಗ ಕೋಟಿ ಅದಾವು."

ನೀಲವ್ವ ಗಾಜಿನ ಮೇಲೆ ಕೈಯಿಟ್ಟಳು. "ಇರ್ಲಿ ಬಿಡ್ರಿ. ಇವು ನನ್ನ ಮಗಳ ಗುರುತು ಹಿಡದಾವು."

ತೊಟ್ಟಿ ಬಂದ ದಾರಿಯಲ್ಲೇ ಹೋಯಿತು.

ಹಿರಿಯರೇ, ತೊಡೆಯಲ್ಲಿ ಗ್ರಂಥಿ ನೆಡುವ ವಿದ್ಯೆ ನಿಮ್ಮ ಕಾಲದ್ದೇ. ನಿಧಾನವೆಂದು ಯಾರಾದರೂ ಅದನ್ನು ಮೂಲೆಗೆ ಹಾಕಹೊರಟರೆ ಬಿಡಬೇಡಿ. ಕೋಶಗಳು ಸಾಕಷ್ಟಾಗಲು ಇನ್ನೂ ತಿಂಗಳುಗಟ್ಟಲೆ ಬೇಕು. ಸಾಹೇಬರು ಮತ್ತೆ ಬರುತ್ತಾರೆ. ಬರಲಿ. ನಾವು ಏಳುವುದಿಲ್ಲ.