ಭಾವನ ಪಟರ್ ಅಳತೆ

ಫೆಬ್ರವರಿ 6, ಬೆಳಿಗ್ಗೆ
ಗಾಲ್ಫ್ ಕೋಲು ರಿಪೇರಿ ಅಂಗಡಿ ತೆಗೆದು ಹಿಡಿಕೆಯ ಗ್ರಿಪ್‌ಗಳನ್ನು ಒರೆಸುತ್ತಿದ್ದೆ. ಅಕ್ಕನ ಗಂಡ ಹಾಜರು. ಮೂವತ್ತು ವರ್ಷ ಮಕ್ಕಳಿಗೆ ಗಾಲ್ಫ್ ಕಲಿಸಿದ ಕೋಚ್. ಈಗ ಅವರದೇ ಚೆಂಡು ಗುಳಿಯ ಎಡಕ್ಕೆ ಉರುಳುತ್ತದಂತೆ. "ಡಾಕ್ಟ್ರೇ, ನನ್ನ ಪಟರ್‌ಗೆ ಏನೋ ಕಾಯಿಲೆ, ಸ್ವಲ್ಪ ನೋಡಿ." ನನ್ನನ್ನು ಡಾಕ್ಟರ್ ಎಂದು ಛೇಡಿಸದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಚೆಂಡನ್ನು ಗುಳಿಗೆ ಉರುಳಿಸುವ ಆ ಕೋಲು ಹಿಡಿಸಿ ಕಾರ್ಪೆಟ್ ಮೇಲೆ ನಿಲ್ಲಿಸಿದೆ. ಕೈ ಇಳಿಬಿಟ್ಟು, ಕಣ್ಣು ಚೆಂಡಿನ ನೇರಕ್ಕೆ. ಪಟರ್ ತಲೆಯ ತುದಿ ನೆಲ ಬಿಟ್ಟು ಮೇಲೆದ್ದಿತ್ತು — ಕೋಲು ಉದ್ದ. ಅರ್ಧ ಇಂಚು ಕತ್ತರಿಸಿದೆ. ಆರು ಚೆಂಡು, ಆರೂ ಒಳಗೆ. ನನಗೇ ನನ್ನ ಮೇಲೆ ಹೆಮ್ಮೆ.

ಮಾರ್ಚ್ 20
ಮತ್ತೆ ಭಾವ. ಮತ್ತೆ ಎಡಕ್ಕೆ. ಮತ್ತೆ ಅರ್ಧ ಇಂಚು. "ಹೀಗೇ ಕತ್ತರಿಸ್ತಾ ಹೋದ್ರೆ ಕೊನೆಗೆ ಚಮಚ ಉಳಿಯುತ್ತೆ ಕಣೋ" ಎಂದರು. ನಕ್ಕೆವು. ಹೊರಡುವಾಗ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತರು. ಗಿರಾಕಿಗಳಿದ್ದರು, ನಾನು ಮಾತನಾಡಿಸಲಿಲ್ಲ.

ಏಪ್ರಿಲ್ 29
ಈ ಸಲ ಮುಕ್ಕಾಲು ಇಂಚು. ಮನುಷ್ಯ ಬಗ್ಗಿ ನಿಲ್ಲುತ್ತಾರೆ... ಹೊಸ ಸ್ಟೈಲೋ ಏನೋ. ಕೇಳಲಿಲ್ಲ. ಆಟಗಾರನ ನಿಲುವಿನ ತಂಟೆಗೆ ಹೋಗಬೇಡ, ಕೋಲನ್ನು ಅದಕ್ಕೆ ಹೊಂದಿಸು — ನನಗೆ ಕೆಲಸ ಕಲಿಸಿದ ಯಜಮಾನರ ಪಾಠ. ಸಂಜೆ ಅಕ್ಕನ ಫೋನ್. "ಇವರ ಜುಬ್ಬಾ ಎಲ್ಲ ಮೊಣಕಾಲಿನ ಕೆಳಗೆ ಇಳೀತಿದೆ ಕಣೋ. ಬಟ್ಟೆ ಹಿಗ್ಗುತ್ತಾ?" "ಒಗೆದೂ ಒಗೆದೂ ನೀನೇ ಹಿಗ್ಗಿಸಿದೀಯ" ಎಂದೆ. ದೊಡ್ಡ ಜಾಣ ನಾನು.

ಜೂನ್ 17
ಭಾವ ಬಾತ್‌ರೂಮಿನಲ್ಲಿ ಬಿದ್ದರು. ಸ್ಕ್ಯಾನ್ ಆಯಿತು. ಬೆನ್ನುಮೂಳೆಯಲ್ಲಿ ಕ್ಯಾನ್ಸರ್. ಮೂಳೆಗಳು ಒಂದೊಂದಾಗಿ ಕುಸಿಯುತ್ತಿವೆಯಂತೆ. ಡಾಕ್ಟರ್ — ನಿಜವಾದ ಡಾಕ್ಟರ್ — "ಮೂರ್ನಾಲ್ಕು ತಿಂಗಳು ಮುಂಚೆ ಬಂದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.
ಅಂಗಡಿಗೆ ಬಂದು ಭಾವನ ಪಟರ್ ಅಳತೆ ಬರೆದಿಟ್ಟ ಕಾರ್ಡ್ ತೆಗೆದೆ. 34. 33½. 33. 32¼. ತಾರೀಖು ಸಮೇತ, ನನ್ನದೇ ಕೈಬರಹ. ಕುಗ್ಗುತ್ತಿದ್ದದ್ದು ಅವರು. ನಾನು ಕೋಲು ಕತ್ತರಿಸುತ್ತ ಕೂತಿದ್ದೆ. ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ?

ಜುಲೈ 2
ಹೇಳಿಬಿಟ್ಟೆ. ಅಕ್ಕನಿಗಲ್ಲ, ಭಾವನಿಗೆ. ಮಂಚದ ಪಕ್ಕ ಕೂತು ಅತ್ತೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.
"ಪಟರ್‌ಗೆ ಏನೂ ಆಗಿಲ್ಲ ಅಂತ ನನಗೆ ಗೊತ್ತಿತ್ತು ಕಣೋ. ನೋವು ಅಂತ ನಾನಾಗಿ ಹೇಳೋಕೆ ಭಯ. ನಿಮ್ಮಕ್ಕನ ಹತ್ರ ಅಂತೂ ಬಾಯೇ ಬರ್ಲಿಲ್ಲ. ನೀನಾದ್ರೂ ಕೇಳ್ತೀಯೇನೋ ಅಂತ ಬರ್ತಿದ್ದೆ."
ಮೂರು ಸಲ ಬಂದಿದ್ದರು.

ಜುಲೈ 11
ಎಂಟು ದಿನ ಆ ಮನೆ ಕಡೆ ಕಾಲೇ ಏಳಲಿಲ್ಲ. ಇವತ್ತು ಅಂಗಡಿ ತೆಗೆಯದೆ ನೇರ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಭಾವ ಎಚ್ಚರವಾಗಿದ್ದರು, ದನಿ ತೀರ ಸಣ್ಣದಾಗಿದೆ. ಹತ್ತಿರ ಕೂತು ಕೇಳಿದೆ — "ಭಾವ, ಎಲ್ಲೆಲ್ಲಿ ನೋಯುತ್ತೆ?"
ನನ್ನ ಕೈ ಹಿಡಿದು ಒಂದೊಂದೇ ಜಾಗ ಮುಟ್ಟಿಸತೊಡಗಿದರು. ಮೊದಲು ಕತ್ತಿನ ಕೆಳಗೆ. ಆಮೇಲೆ ಎಡಭುಜದ ಹಿಂದೆ. ಆಮೇಲೆ ಸೊಂಟದ ಮೇಲೆ, ಇಲ್ಲಿ ಕಣೋ, ಇಲ್ಲಿ —